ತಾನಾಗಿ ಇಳಿಯುವ ಕ್ಲಚ್ಚು

ನಮ್ಮ ಸೋದರಮಾವನ ಕಾರಿಗೆ ಇಬ್ಬರು ಡ್ರೈವರು. ಒಬ್ಬ, ಸ್ಟೇರಿಂಗ್ ಹಿಡಿದು ಕೂರುವ ಮಾವ. ಇನ್ನೊಬ್ಬ, ಎಂದೋ ತೀರಿಕೊಂಡ ಮಾವನ ಅಪ್ಪ, ಅಂದರೆ ನಮ್ಮಜ್ಜ! ನಗುತ್ತೀರಾ? ನಗಿ. ಕುಷ್ಟಗಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿರುವ ನಾನೂ ನಗುತ್ತಿದ್ದವನೇ, ಆ ಕಾರಿನಲ್ಲಿ ಕೂರುವ ತನಕ.

ಕಾರು ಅಜ್ಜ ಕೊಂಡದ್ದು. ಉಬ್ಬಿದ ಮೂತಿ, ಗುಂಡು ಕಣ್ಣು. ಕೊಪ್ಪಳದ ಮನೆಯ ಮುಂದೆ ಅದು ನಿಂತಿದ್ದರೆ ಯಾರನ್ನೋ ಕಾಯುತ್ತಿರುವ ಹಾಗೆ ಕಾಣುತ್ತದೆ. "ಒಂದ್ ದಿನ ಕೆಟ್ಟು ನಿಲ್ಲಲಿ, ಗುಜರಿಗೆ ಹಾಕ್ತೀನಿ" ಎಂದು ಮಾವನ ಮಗ ಗಂಗಾವತಿಯಿಂದ ಬಂದಾಗಲೆಲ್ಲ ಗುಡುಗುತ್ತಿದ್ದ. ಮಾವನಿಗೋ, ಕಾರು ಹೋದರೆ ಜೀವವೇ ಹೋದ ಹಾಗೆ.

ಅದರ ವಿಚಿತ್ರ ಕೇಳಿ. ಗೇರು ಬದಲಿಸುವ ಹೊತ್ತಿಗೆ ಮಾವ ಒಮ್ಮೆ ಕೆಮ್ಮುತ್ತಾನೆ. ಎಡಗಾಲು ಅಲುಗುವುದೇ ಇಲ್ಲ. ಆದರೂ ಕ್ಲಚ್ಚಿನ ಪೆಡಲು ಕಿರ್ರೆಂದು ಇಳಿಯುತ್ತದೆ! ಗೇರು ಬಿದ್ದ ಮೇಲೆ ಮೆಲ್ಲಗೆ ಏಳುತ್ತದೆ, ಯಾರೋ ಪಾದ ತೆಗೆದ ಹಾಗೆ.

ಒಮ್ಮೆ ಯಲಬುರ್ಗಾಕ್ಕೆ ಹೊರಟಿದ್ದ ಮಾಸ್ತರರೊಬ್ಬರನ್ನು ಹತ್ತಿಸಿಕೊಂಡೆವು. ಹಿಂದೆ ನನ್ನ ಪಕ್ಕ ಕೂತಿದ್ದ ಅವರು ಮುಂದಕ್ಕೆ ಬಾಗಿ ನೋಡಿದರು.

"ಏನ್ರೀ ಇದು? ಕಾಲ ಇಟ್ಟಿಲ್ಲ, ಪೆಡಲ್ ಇಳೀತಲ್ರೀ!"

"ನಮ್ಮಪ್ಪ ಒತ್ತತಾನ್ರಿ," ಎಂದ ಮಾವ. "ನಾ ಗೇರ್ ಹಾಕೂದು ಅವಗ ಮೊದಲಿಂದ ಸೇರಂಗಿಲ್ಲ. ಸ್ವಲ್ಪ ಸರೀರಿ ಮಾಸ್ತರ್ರ, ಅವನ ಧೋತರದ ಮ್ಯಾಲೆ ಕುಂತೀರಿ."

"ನಿಲ್ಲಸ್ರಿ! ನನಗ ಇಲ್ಲೇ ಕೆಲಸ ಐತಿ!"

ಸುತ್ತ ಹರದಾರಿ ದೂರ ಬರೀ ಬಂಡೆಗಲ್ಲು. ಅಲ್ಲಿ ಯಾವ ಮಕ್ಕಳ ಹಾಜರಿ ಹಿಡಿಯುವುದಿತ್ತೋ! ಮುಂದೆ ಮಾವನ ಪಕ್ಕ ಕೂತಿದ್ದ ಅತ್ತೆ, ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು, ತಿರುಗಿಯೂ ನೋಡಲಿಲ್ಲ.

ನನ್ನ ಸರದಿ ಬಂದದ್ದು ನವಲಿಯ ಹತ್ತಿರ, ಮಟಮಟ ಮಧ್ಯಾಹ್ನ. ಮಾವ ಇಂಜಿನ್ ಆರಿಸಿ, ಕೆಳಗಿಳಿದು, ಗದ್ದೆಯವರ ಜೊತೆ ಮಾತಿಗೆ ನಿಂತ. ಕಾರಿನಲ್ಲಿ ಉಳಿದವರು ನಾನು ಮತ್ತು ತೂಕಡಿಸುವ ಅತ್ತೆ. ಗಾಳಿಯಿಲ್ಲ, ಹಕ್ಕಿಯ ಸದ್ದಿಲ್ಲ, ಭತ್ತದ ಒಂದು ತೆನೆ ಅಲುಗುತ್ತಿಲ್ಲ. ದೂರದಲ್ಲಿ ಮಾವ ಕೆಮ್ಮಿದ. ಖಾಲಿ ಸೀಟಿನ ಮುಂದೆ ಪೆಡಲು ಕಿರ್ರೆಂದು ಇಳಿಯಿತು!

ನಾನು ಬಾಗಿಲು ತೆಗೆದೆನೋ, ಕಿಟಕಿಯಿಂದಲೇ ಹಾರಿದೆನೋ ನೆನಪಿಲ್ಲ. ಎಚ್ಚರಾದಾಗ ಮೊಣಕಾಲ ತನಕ ಕೆಸರಿನಲ್ಲಿದ್ದೆ.

"ಅಂವ ಹಂಗ, ತಮ್ಮಾ," ಎಂದ ಮಾವ. "ನನ್ನ ಕೆಮ್ಮು ಕೇಳಿದ್ರ ತಡ್ಯಂಗಿಲ್ಲ."

ಹೋದ ತಿಂಗಳು ಇಳಿದ ಪೆಡಲು ಮತ್ತೆ ಏಳಲಿಲ್ಲ. ಮಗ ಗುಜರಿಯವನಿಗೆ ಫೋನು ಮಾಡಿಯೇಬಿಟ್ಟ. ಮಾವ ನನಗೆ ಮಾಡಿದ. "ನಾಳೆ ಮುಂಜಾನೆ ಗುಜರಿಯಾಂವ ಬರತಾನ. ಇವತ್ತ ರಿಪೇರಿ ಆಗಲಿಲ್ಲಂದ್ರ ಗಾಡಿ ಹೋತು ತಮ್ಮಾ, ನಾ ಮೂಲಿ ಹಿಡದೆ."

ಪಾನಾ ಹಿಡಿದು ಕಾರಿನ ಕೆಳಗೆ ನುಸುಳಿದೆ. ಅಲ್ಲಿ ಅಜ್ಜನ ಪಾದ ಕಂಡರೆ ಏನು ಮಾಡಲಿ? ಪಾದವಿರಲಿಲ್ಲ. ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಸರಳಿನ ಪಿನ್ನು ಸವೆದು ತುಂಡಾಗಿತ್ತು, ಅಷ್ಟೆ. ಆದರೆ ಅದೇ ಸರಳಿಗೆ, ಯಾವ ಕಾರಿನಲ್ಲೂ ಇರದ ಒಂದು ವಸ್ತು ಕಟ್ಟಿತ್ತು: ಸೈಕಲ್ಲಿನ ಬ್ರೇಕ್ ತಂತಿ! ಬೆರಳಿಟ್ಟು ಅದರ ಹಿಂದೆ ಹೋದೆ. ತಂತಿ ಮಾವನ ಕಡೆಗೆ ಹೋಗಲಿಲ್ಲ. ಎಡಕ್ಕೆ ತಿರುಗಿ, ಅತ್ತೆಯ ಸೀಟಿನ ಪಕ್ಕದಲ್ಲಿ ಮೇಲೆದ್ದು, ಇಳಕಲ್ ಸೀರೆಯ ಚೂರು ಸುತ್ತಿದ ಒಂದು ಬಳೆಯಲ್ಲಿ ಮುಗಿದಿತ್ತು.

"ಕಂಡೇನು?" ಅತ್ತೆ ಬಂದು ಪಕ್ಕದಲ್ಲಿ ಕುಕ್ಕರಿಸಿದ್ದಳು. "ಸಕ್ಕರಿ ಬ್ಯಾನಿಗೆ ನಿಮ್ಮ ಮಾವನ ಎಡಗಾಲು ಜೋಮು ಹಿಡದು ವರ್ಷಾತು. ಪೆಡಲ್ ಒತ್ತಿದ್ದು ತಿಳ್ಯಂಗಿಲ್ಲ. ದೆವ್ವ ಐತಿ ಅಂದ್ರ ಮಂದಿ ಹೆದರತಾರ, ಅಷ್ಟ. ಕಾಲು ಸತ್ತೈತಿ ಅಂದ್ರ ಮಗ ಕೀಲಿ ಕಸಗೊಂತಾನ."

"ಮತ್ತ ನವಲ್ಯಾಗ? ನೀವು ನಿದ್ದ್ಯಾಗ ಇದ್ರಿ!"

"ಅವರು ಕೆಮ್ಮಿದ್ರ ನನ್ನ ಕೈ ತಾನ ಎಳೀತೈತಿ. ನಾ ಏನ್ ಮಾಡ್ಲಿ?"

ಅವಳು ಚಹಾ ಮಾಡಲು ಒಳಗೆ ಹೋದದ್ದನ್ನು ನೋಡಿಕೊಂಡು ಮಾವ ಬಂದ. ಬಾನೆಟ್ಟಿಗೆ ಕೈ ಊರಿ ಕಷ್ಟದಿಂದ ಬಾಗಿದ. ಹೊಸ ಪಿನ್ನು ಕೂತಿತೆಂದೆ. ಅವನ ಮುಖ ಅರಳಲಿಲ್ಲ.

"ಅಕಿ ಅಂಗೈ ಬಾತೈತಿ ತಮ್ಮಾ. ನನಗ ತೋರ್ಸಂಗಿಲ್ಲ. ಎರಡ ಬೆರಳಿಗೆ ಇಳಿಯೂವಂಗ ಮಾಡಾಕ ಬರತೈತೇನು? ಬರಂಗಿಲ್ಲಂದ್ರ ಹೇಳಿಬಿಡು. ಗುಜರಿಯವಗ ಕೀಲಿ ನಾನ ಕೊಡತೀನಿ."

ಸಂಜೆಯವರೆಗೆ ಕೂತು, ಸರಳನ್ನು ದೂಡುವ ತೋಳಿಗೆ ಒಂದು ಗೇಣು ಕಬ್ಬಿಣದ ಪಟ್ಟಿ ಕೂಡಿಸಿ, ತಂತಿಯನ್ನು ಅದರ ತುದಿಗೆ ಕಟ್ಟಿದೆ; ತೋಳು ಉದ್ದವಾದಷ್ಟೂ ಎಳೆತ ಹಗುರ. ಎಳೆದು ತೋರಿಸಿದೆ. ಮಾವ ನಂಬಲಿಲ್ಲ. ತಾನೇ ಅತ್ತೆಯ ಸೀಟಿನಲ್ಲಿ ಕೂತು, ಎರಡು ಬೆರಳಲ್ಲಿ ಬಳೆ ಹಿಡಿದು ಎಳೆದ. ಮತ್ತೆ ಎಳೆದ. ಇಪ್ಪತ್ತು ಸಲವಾದರೂ ಎಳೆದಿರಬೇಕು. ಆಮೇಲೆ ಕೈ ತಿರುಗಿಸಿ, ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡ. ಎಲ್ಲೂ ಕೆಂಪಾಗಿರಲಿಲ್ಲ.

"ಗಾಡಿ ಇರಲಿ ಹಂಗಾರ," ಎಂದ.