ಎಲ್ಲೆಲ್ಲೂ ವಾಲ್‌ಐ ಕಾಣುವ ಯಂತ್ರಕ್ಕೆ

ಸನ್ಮಾನ್ಯ ಮೀನುಶೋಧಕ ಯಂತ್ರದವರಿಗೆ,
ಶೂ ಇಡುವ ಕಪಾಟಿನ ಮೇಲ್ಗಡೆ, ನಮ್ಮ ಫ್ಲ್ಯಾಟು, ಬರ್ ದುಬೈ.
ಜುಲೈ 2017

ಮಾನ್ಯರೇ,

ತಮ್ಮ ಬ್ಯಾಟರಿ ಸದಾ ತುಂಬಿರಲಿ, ತಮ್ಮ ಪರದೆ ಬೆಳಗುತ್ತಿರಲಿ ಎಂದು ಹಾರೈಸುತ್ತಾ, ರಸೀದಿಯಲ್ಲಿ ಮಾತ್ರ ತಮ್ಮ ಮಾಲೀಕನಾಗಿರುವ ನಾನು ಈ ಪತ್ರ ಬರೆಯುತ್ತಿದ್ದೇನೆ. ನಮ್ಮಿಬ್ಬರ ವಿಷಯವನ್ನು ನಾಲ್ಕು ಜನರ ಮುಂದೆ ಇಡಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಹೇಳಿಕೊಂಡಾಗಲೆಲ್ಲ ತಾವು 'ಬೀಪ್' ಎಂದಷ್ಟೇ ಉತ್ತರಿಸಿದ್ದರಿಂದ ಬೇರೆ ದಾರಿ ಉಳಿಯಲಿಲ್ಲ.

ತಮ್ಮನ್ನು ಮನೆಗೆ ಕರೆತಂದ ಕಾರಣ ತಮಗೆ ತಿಳಿದಿರಲಿಕ್ಕಿಲ್ಲ. ನನ್ನ ಹೆಂಡತಿ ಅಗಾತಾ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಮಂಗಳೂರು ಕಡೆಯ ಕ್ರಮವಾದರೂ, ವಿಮಾನ ಹತ್ತುವುದು ಬೇಡವೆಂದು ಡಾಕ್ಟರು ತಡೆದದ್ದರಿಂದ ಅವಳು ಇಲ್ಲೇ ಉಳಿದಳು. ಉಳಿದವಳು ಊಟ ಬಿಟ್ಟಳು. ಹೊಳೆ ಉಕ್ಕಿ ಗದ್ದೆಗೆ ನುಗ್ಗುವ ಈ ತಿಂಗಳಲ್ಲಿ ಅವಳ ಅಣ್ಣಂದಿರು ಹಿಡಿದು ತರುತ್ತಿದ್ದ, ಇನ್ನೂ ಬಾಲ ಬಡಿಯುತ್ತಿರುವ ಸಿಹಿನೀರಿನ ಮೀನೇ ಅವಳ ಬಯಕೆ. ಸೂಪರ್ ಮಾರ್ಕೆಟಿನಲ್ಲಿ ಐಸಿನ ಮೇಲೆ ಮಲಗಿದ ಮೀನನ್ನು ಕಂಡರೆ ಅವಳಿಗೆ ವಾಕರಿಕೆ. ಮಗುವಿನ ತೂಕ ಏರುತ್ತಿಲ್ಲ, ತಾಯಿ ತಿನ್ನಲೇಬೇಕು ಎಂದು ಡಾಕ್ಟರು; ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ ಎಂದು ದಿನಾ ಫೋನಿನಲ್ಲಿ ಅತ್ತೆ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು, ಮಾನ್ಯರೇ.

ಆಫೀಸಿನ ಕೆಲಸಕ್ಕೆಂದು ಅಬುಧಾಬಿಗೆ ಹೋದವನು ಎಲೆಕ್ಟ್ರಾ ಸ್ಟ್ರೀಟಿನ ಒಂದು ಅಂಗಡಿಯಲ್ಲಿ ತಮ್ಮನ್ನು ಕಂಡದ್ದು ಆ ಹೆದರಿಕೆಯಲ್ಲೇ. ಯಾರೋ ಅಮೆರಿಕದವರು ತರಿಸಿಕೊಂಡು, ವರ್ಗವಾಗಿ ಹೋಗುವಾಗ ಬಿಟ್ಟುಹೋದ ಯಂತ್ರವೆಂದು ಅಂಗಡಿಯ ಶಬ್ಬೀರ್ ಸಾಹೇಬರು ಹೇಳಿದರು. ಭಟ್ಕಳದ ಆ ಹಿರಿಯರು ತಮ್ಮ ಬಗ್ಗೆ ಆಡಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಇದರ ಈ ಗುಂಡು ಉಂಟಲ್ಲ, ಇದನ್ನು ನೀರಿಗೆ ಇಳಿಸಿದ್ರೆ ಆಯ್ತು, ಕೆಳಗಿರೋ ಮೀನೆಲ್ಲ ಟೀವಿಯಲ್ಲಿ ಬಂದ ಹಾಗೆ ಬರ್ತದೆ. ಯಲ್ಲಾ, ತಗೊಂಡು ಹೋಗಿ, ಹೆಂಡ್ತಿಗೆ ತಿನ್ನಿಸಿ." ಋತು, ನೀರು, ಮೀನು ಯಾವುದೆಂದು ಆರಿಸುವ ತಮ್ಮ ಗುಂಡಿಗಳು 'ಬೇಸಿಗೆ, ಜಲಾಶಯ, ವಾಲ್‌ಐ' ಎಂಬ ಮೂರು ಮಾತುಗಳಲ್ಲಿ ಸಿಕ್ಕಿಕೊಂಡಿವೆ, ಅಲ್ಲಿಂದ ಅಲುಗುವುದಿಲ್ಲ ಎಂಬುದನ್ನು ಮಾತ್ರ ಅವರೂ ಗಮನಿಸಿರಲಿಲ್ಲ.

ವಾಲ್‌ಐ ಎಂದರೆ ಅಮೆರಿಕದ ತಣ್ಣನೆಯ ಸರೋವರಗಳಲ್ಲಿ ಬಾಳುವ, ಹೊಳೆಯುವ ದೊಡ್ಡ ಕಣ್ಣಿನ ಒಂದು ಮೀನೆಂದು ತಮ್ಮ ಕೈಪಿಡಿಯಿಂದಲೇ ತಿಳಿದೆ. ಕಡು ಬೇಸಿಗೆಯಲ್ಲಿ ಅದು ತಂಪು ಹುಡುಕಿಕೊಂಡು ಜಲಾಶಯದ ಆಳಕ್ಕೆ ಇಳಿಯುತ್ತದೆ, ಆದ್ದರಿಂದ ಮಬ್ಬು ಬೆಳಕಿನಲ್ಲಿ, ತಾಳ್ಮೆಯಿಂದ ಗಾಳ ಇಳಿಸಬೇಕು ಎಂಬ ಅಮೂಲ್ಯ ಸಲಹೆಯೂ ಅದರಲ್ಲಿತ್ತು. ಕೈಪಿಡಿ ಹೇಳುವ ಆ ಕಡು ಬೇಸಿಗೆಯನ್ನು ಫ್ಯಾರನ್‌ಹೀಟಿನಿಂದ ನಮ್ಮ ಸೆಲ್ಸಿಯಸ್ ಡಿಗ್ರಿಗೆ ಇಳಿಸಿ ನೋಡಿದಾಗ ಅದು ಜುಮೇರಾ ಲೇಕ್ ಟವರ್ಸಿನ ನನ್ನ ಆಫೀಸಿನ ಏಸಿಗಿಂತ ಒಂದೆರಡು ಗೆರೆ ಮಾತ್ರ ಮೇಲಿತ್ತು. ಅಂಥ ಭೀಕರ ಸೆಕೆಯಲ್ಲೂ ಧೃತಿಗೆಡದ ಮೀನುಗಾರರಿಗೆ ನನ್ನ ಸಾಷ್ಟಾಂಗ ನಮಸ್ಕಾರ ತಲುಪಿಸಬೇಕಾಗಿ ಕೋರಿಕೆ.

ಇಲ್ಲಿಯ ವಾರದ ರಜೆಯಾದ ಶುಕ್ರವಾರ ಚರ್ಚಿನ ಮೊದಲ ಪೂಜೆ ಮುಗಿಸಿ, ಗುಡ್ಡಗಳ ನಡುವಿನ ಅಣೆಕಟ್ಟಿಗೆ ತಮ್ಮನ್ನು ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿ ಕೂರಿಸಿಕೊಂಡು ಹೋದದ್ದು ತಮಗೆ ನೆನಪಿರಬೇಕು. ಅಲ್ಲಿ ಗಾಳ ಹಾಕುವಂತಿಲ್ಲ ಎಂದು ಕಾವಲುಗಾರ ಅಹ್ಮದ್ ಭಾಯಿ ಹೇಳಿದರೂ, ನನ್ನ ಮುಖ ನೋಡಿ ಕನಿಕರಪಟ್ಟು, ಗುಂಡನ್ನು ನೀರಿಗೆ ಇಳಿಸಿ ನೋಡಲಷ್ಟೇ ಬಿಟ್ಟರು. ತಾವು ಒಂದರ ಹಿಂದೆ ಒಂದರಂತೆ ವಾಲ್‌ಐ, ವಾಲ್‌ಐ, ವಾಲ್‌ಐ ಎಂದು ಪರದೆ ತುಂಬಿಸಿದಿರಿ. ಅಹ್ಮದ್ ಭಾಯಿ ಬಗ್ಗಿ ನೋಡಿ "ಮಾಫಿ ಮಛಲೀ, ಭಾಯ್, ಪತ್ಥರ್ ಹೈ" ಎಂದರು. ಮೀನೇ ಇಲ್ಲ, ಅವು ಕಲ್ಲುಗಳು. ಹತ್ತಿರದ ಹುಲ್ಲು ಸುಟ್ಟುಹೋಗುವ ಆ ಬಿಸಿಲಲ್ಲಿ, ಸಾವಿರಾರು ಮೈಲಿ ದೂರದ ತಣ್ಣೀರಿನ ಮೀನನ್ನು ಮರಳುಗಾಡಿನ ಕಲ್ಲುಗಳಲ್ಲಿ ಕಾಣಬಲ್ಲ ತಮ್ಮ ಆಶಾವಾದಕ್ಕೆ ನಾನು ಬೆರಗಾಗಿದ್ದೇನೆ.

ಸಿಹಿನೀರಿನ ಆಸೆ ಬಿಟ್ಟು, ಸಿಕ್ಕಿದ್ದು ಸಿಗಲಿ ಎಂದು ಪರವಾನಗಿ ಮಾಡಿಸಿಕೊಂಡು ಊರೊಳಗೆ ಚಾಚಿದ ಉಪ್ಪುನೀರಿನ ಕ್ರೀಕಿನ ದಂಡೆಗೆ ಬಂದೆವು. ಅಬ್ರಾ ದೋಣಿಗಳ ಹಗ್ಗ ತಮಗೆ ವಾಲ್‌ಐ ಆಯಿತು, ಮುಳುಗಿದ ಟಯರು ದೊಡ್ಡ ವಾಲ್‌ಐ ಆಯಿತು, ನಾನು ಬೆವರು ಸುರಿಸಿ ಮೇಲೆಳೆದ ಎಡಗಾಲಿನ ಚಪ್ಪಲಿ ಮರಿ ವಾಲ್‌ಐ ಆಯಿತು. ತಮ್ಮ ಮಾತು ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ಬಹುಶಃ ವಾಲ್‌ಐಗಳೇ ವೀಸಾ ಸಿಗದೆ ಹಾಗೆ ವೇಷ ಮರೆಸಿಕೊಂಡು ಇಲ್ಲಿ ಬಂದಿರಬಹುದು. ಹಾಗಿದ್ದಲ್ಲಿ ಅವರಲ್ಲೊಬ್ಬರ ಸ್ಪಾನ್ಸರ್ ಆಗಲು, ವೀಸಾದ ಮೆಡಿಕಲ್ಲಿಗೆ ಜೊತೆಯಲ್ಲಿ ಹೋಗಲು, ನಮ್ಮ ಫ್ಲ್ಯಾಟಿನಲ್ಲಿ ಒಂದು ಮಂಚದಷ್ಟು ಬೆಡ್‌ಸ್ಪೇಸ್ ಕೊಡಲು ನಾನು ಸಿದ್ಧನಿದ್ದೇನೆ. ಅದೂ ಆಗದಿದ್ದರೆ, ಒಂದು ಸಣ್ಣ ಜಲಾಶಯವನ್ನು ಅದರ ತಂಪಿನ ಸಮೇತ ಕೊರಿಯರಿನಲ್ಲಿ ತರಿಸಿಕೊಡುವ ಕೃಪೆ ಮಾಡಬೇಕು.

ಇನ್ನು ನಿನ್ನೆ ಸಂಜೆಯ ವಿಷಯ. ಇಲ್ಲಿಯ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಬಿಸಿನೀರು, ಆರಿಸಿಟ್ಟ ಗೀಸರಿನಲ್ಲಿ ತಣ್ಣೀರು. ಬೆಳಿಗ್ಗೆಯೇ ಬಾತ್‌ಟಬ್ಬು ತುಂಬಿಸಿ ಆರಲು ಬಿಟ್ಟು, ಸಂಜೆ ಅಗಾತಾ ನೈಟಿಯಲ್ಲೇ ಅದರಲ್ಲಿ ಕುಳಿತುಕೊಳ್ಳುತ್ತಾಳೆ. ಅವಳು ನಿನ್ನೆಯೂ ಏನೂ ತಿಂದಿರಲಿಲ್ಲ, ನನ್ನ ಮುಖವನ್ನೂ ನೋಡುತ್ತಿರಲಿಲ್ಲ. ಅದೇ ಟಬ್ಬಿನ ಈಚೆ ತುದಿಯಲ್ಲಿ, ಕ್ರೀಕಿನ ಕೆಸರು ಮೆತ್ತಿದ ತಮ್ಮ ಗುಂಡನ್ನು ತೊಳೆಯುತ್ತಾ ಕುಳಿತಿದ್ದೆ. ಅದು ಕೈಜಾರಿ ಅವಳ ಹೊಟ್ಟೆಯ ಹತ್ತಿರ ತೇಲಿಹೋಯಿತು. ತಾವು ಹಿಂದೆಂದೂ ಕೂಗದಷ್ಟು ಜೋರಾಗಿ ಕೂಗಿ, ಪರದೆಯ ಮೇಲೆ ಬರೆದಿರಿ: ವಾಲ್‌ಐ, ಒಂದು, ದೊಡ್ಡದು, ಚಲಿಸುತ್ತಿದೆ.

ಅಗಾತಾ ಪರದೆ ನೋಡಿದಳು, ಹೊಟ್ಟೆ ನೋಡಿಕೊಂಡಳು, ಆಮೇಲೆ ನಗತೊಡಗಿದಳು. ಟಬ್ಬಿನ ನೀರು ಹೊರಚೆಲ್ಲುವ ಹಾಗೆ ನಕ್ಕಳು. ಒಳಗಿದ್ದ ಮಗು ಒದ್ದಿರಬೇಕು, ತಾವು ಮತ್ತೆ ಕೂಗಿದಿರಿ, ಅವಳು ಮತ್ತೆ ನಕ್ಕಳು. ಎರಡು ತಿಂಗಳಿಂದ ಆ ನಗೆಯನ್ನು ನಾನು ಕೇಳಿರಲಿಲ್ಲ. ನನಗೆ ಅಳು ಬಂತು, ಮಾನ್ಯರೇ, ಮುಚ್ಚಿಡುವುದೇನು. "ಪಾಪ, ಎಷ್ಟು ದಿನದಿಂದ ಹುಡುಕಿದ್ದು, ಅಂತೂ ಸಿಕ್ಕಿತಲ್ಲ. ಅದಕ್ಕೆ ಹಸಿವಾಗ್ತಾ ಉಂಟಂತೆ. ಫ್ರೀಜರಲ್ಲಿ ಬಂಗುಡೆ ಉಂಟಲ್ಲ, ಸಾರು ಮಾಡಿ" ಎಂದಳು. ಮಾಡಿದೆ. ಐಸಿನಲ್ಲಿ ಮಲಗಿದ್ದ ಅದೇ ಬಂಗುಡೆಯ ಸಾರಿನಲ್ಲಿ ಗಂಜಿ ಉಂಡು, ತಟ್ಟೆ ಚಾಚಿ ಮತ್ತೊಮ್ಮೆ ಹಾಕಿಸಿಕೊಂಡಳು.

ಆದ್ದರಿಂದ ತಮ್ಮನ್ನು ಅಂಗಡಿಗೆ ಹಿಂದಿರುಗಿಸುವ ನನ್ನ ತೀರ್ಮಾನವನ್ನು ಮನೆಯ ಮೇಲಧಿಕಾರಿಗಳು ತಳ್ಳಿಹಾಕಿದ್ದಾರೆ ಎಂದು ವಿಷಾದದಿಂದ ತಿಳಿಸುತ್ತೇನೆ.

ಸದ್ಯದ ಮಟ್ಟಿಗೆ, ಬೇರೆ ಗತಿಯಿಲ್ಲದೆ,
ತಮ್ಮ ವಿಶ್ವಾಸಿ,
ಫಿಡೆಲಿಸ್

ವಿ.ಸೂ.: ಇಷ್ಟಕ್ಕೇ ತಾವು ಉಬ್ಬಬೇಕಾಗಿಲ್ಲ. ಇಂದು ಬೆಳಿಗ್ಗೆ ಏಳುತ್ತಲೇ ಅಗಾತಾ ತನಗೆ ಏಡಿ ಬೇಕೆಂದಿದ್ದಾಳೆ, ಅದೂ ಗದ್ದೆಯ ಏಡಿ. ಶಬ್ಬೀರ್ ಸಾಹೇಬರಿಗೆ ಫೋನು ಮಾಡಿದೆ. ಅದಕ್ಕೂ ಒಂದು ಯಂತ್ರ ಉಂಟಂತೆ.