ಮಾವ ಲ್ಯಾಪ್‌ಟಾಪಿನ ಹಲ್ಲು ಎಣಿಸಿದ್ದು

ಒಂದು ಒಬ್ಬಟ್ಟಿಗಾಗಿ ಮನುಷ್ಯ ಎಷ್ಟು ದೂರ ಹೋಗಬಹುದು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಕಳುಹಿಸಿ. ನಾನು ಸೇಲಂ ಐದು ರೋಡಿನವರೆಗೆ ಹೋಗಿದ್ದೇನೆ. ಅದೂ ಸುಡುವ ಬಿಸಿಲಲ್ಲಿ, ಮಾವನನ್ನು ಜೊತೆಗೆ ಕಟ್ಟಿಕೊಂಡು, ಲ್ಯಾಪ್‌ಟಾಪ್ ಕೊಳ್ಳುವುದಕ್ಕೆ.

ಅದು ಅಂತಿಂಥ ಒಬ್ಬಟ್ಟಲ್ಲ. ಕಡಯಂಪಟ್ಟಿಯ ನನ್ನ ಮಾವನ ಮನೆಯಲ್ಲಿ ಯುಗಾದಿಯ ದಿನ ಕಾವಲಿಯಿಂದ ಇಳಿಯುವ ಮೊಟ್ಟಮೊದಲ ಒಬ್ಬಟ್ಟು. ಆ ಮನೆಯಲ್ಲಿ ಅದಕ್ಕೊಂದು ಕ್ರಮವಿದೆ. ಮೊದಲನೆಯದು ಕೊಟ್ಟಿಗೆಯ ದನಕ್ಕೆ, ಎರಡನೆಯದು ದೊಡ್ಡಳಿಯನಿಗೆ, ಮೂರನೆಯದು ಚಿಕ್ಕಳಿಯನಿಗೆ. ಮಾವ ಗೋಪಾಲಪ್ಪನವರು ಮೂವತ್ತು ವರ್ಷ ದನದ ದಲ್ಲಾಳಿಯಾಗಿದ್ದವರು. ಮಂಡಿನೋವು ಬಂದು ಸಂತೆ ಸುತ್ತುವುದನ್ನು ನಿಲ್ಲಿಸಿದ ಮೇಲೆ ಕೊಟ್ಟಿಗೆ ಖಾಲಿಯಾಯಿತು. ಆಗ ದನ ಬಿಟ್ಟುಹೋದ ಆ ಅಗ್ರಸ್ಥಾನಕ್ಕೆ ಹಿರಿತನದ ಆಧಾರದ ಮೇಲೆ ನನಗೆ ಬಡ್ತಿ ಸಿಕ್ಕಿತು. (ನಗಬೇಡಿ. ಸೇಲಂನ ಸಬ್ಬಕ್ಕಿ ಮಿಲ್ಲಿನಲ್ಲಿ ಹದಿನಾಲ್ಕು ವರ್ಷ ಗುಮಾಸ್ತನಾಗಿದ್ದೇನೆ. ಜೀವನದಲ್ಲಿ ಸಿಕ್ಕ ಬಡ್ತಿ ಅದೊಂದೇ.)

ಒಂದೇ ಒಂದು ಯುಗಾದಿ ಆ ಪದವಿಯಲ್ಲಿ ಮೆರೆದೆ. ಮರುವರ್ಷ ನನ್ನ ಷಡ್ಡಕ ರಾಜಗೋಪಾಲ್, ಅಂದರೆ ನನ್ನ ಹೆಂಡತಿ ಭುವನಾಳ ತಂಗಿ ವಾಣಿಯ ಗಂಡ, ಮೆಟ್ಟೂರು ಪವರ್ ಸ್ಟೇಷನ್ನಿನ ಇಂಜಿನಿಯರು, ಆಫೀಸಿನ ಲ್ಯಾಪ್‌ಟಾಪನ್ನು ಹೊತ್ತುಕೊಂಡು ಹಬ್ಬಕ್ಕೆ ಬಂದ. ಅದರ ಪರದೆಯ ಮೇಲೆ ಅತ್ತೆ ಲಕ್ಷ್ಮಕ್ಕನವರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಬಲದಿಂದ ಎಡಕ್ಕೆ ಓಡಿಸಿದ. ಅತ್ತೆಗೆ ಇಂಗ್ಲಿಷ್ ಓದಲು ಬಾರದು. ಆದರೂ ತಮ್ಮ ಹೆಸರು ಅಷ್ಟು ಚುರುಕಾಗಿ ಓಡುವುದನ್ನು ಕಂಡು ಮನಸ್ಸು ತುಂಬಿ, ಮೊದಲ ಒಬ್ಬಟ್ಟನ್ನು ತೆಗೆದುಕೊಂಡುಹೋಗಿ ಅವನ ಎಲೆಗೆ ಹಾಕಿಬಿಟ್ಟರು. ಆ ದಿನ ವಾಪಸು ಬರುವಾಗ ಭುವನಾ ಓಮಲೂರಿನವರೆಗೂ ಬಸ್ಸಿನಲ್ಲಿ ಮಾತಾಡಲಿಲ್ಲ. ಓಮಲೂರು ದಾಟಿದ ಮೇಲೆ ಮಾತಾಡಿದಳು. ಓಮಲೂರು ಇನ್ನೂ ಸ್ವಲ್ಪ ದೂರ ಇದ್ದಿದ್ದರೆ ಚೆನ್ನಾಗಿತ್ತು.

ಹೀಗಾಗಿ ತೊಂಬತ್ತೆಂಟರ ಯುಗಾದಿಗೆ ಮುಂಚೆ ನಮ್ಮ ಮನೆಗೂ ಒಂದು ಲ್ಯಾಪ್‌ಟಾಪ್ ಬರಲೇಬೇಕು ಎಂದು ತೀರ್ಮಾನವಾಯಿತು. ಕಂಪ್ಯೂಟರಿನ ವಿಷಯದಲ್ಲಿ ನಾನು ಕೇವಲ ದಡ್ಡನಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ನಮ್ಮ ಮಿಲ್ಲಿನಲ್ಲಿ ಒಂದು ಕಂಪ್ಯೂಟರ್ ಇದೆ. ಬೆಳಗ್ಗೆ ಅದರ ಮೇಲಿನ ಬಟ್ಟೆ ತೆಗೆಯುವ ಅಧಿಕಾರವೂ, ಸಂಜೆ ಹೊದಿಸುವ ಅಧಿಕಾರವೂ ನನ್ನದೇ. ನಡುವೆ ಅದನ್ನು ಮುಟ್ಟುವವರು ಬೇರೆ.

ಐದು ರೋಡಿನಲ್ಲಿ ಪಳನಿಯಪ್ಪನ್ ಎಂಬಾತ ಮದ್ರಾಸಿನ ಆಫೀಸುಗಳು ಕೈಬಿಟ್ಟ ಲ್ಯಾಪ್‌ಟಾಪುಗಳನ್ನು ತಂದು ಮಾರುತ್ತಿದ್ದ. ಅವನ ಬಳಿ ಮೂರಿದ್ದವು. ನಾನು ಮೂರು ಸಂಜೆ ಹೋಗಿ ಕೂತು, ಮಿಲ್ಲಿನ ದೊಡ್ಡ ಕಾಗದದ ಮೇಲೆ ಗೆರೆ ಎಳೆದು, ಒಂದು ಕಡೆ ಗುಣ, ಇನ್ನೊಂದು ಕಡೆ ದೋಷ ಎಂದು ತೌಲನಿಕ ಅಧ್ಯಯನವನ್ನೇ ನಡೆಸಿದೆ. ಬೂದು ಬಣ್ಣದ್ದಕ್ಕೆ ಬಣ್ಣದ ಪರದೆ, ಹಾಡು ಬೇರೆ ಹೇಳುತ್ತದೆ. ಆದರೆ ಬ್ಯಾಟರಿ ಮುಕ್ಕಾಲು ಗಂಟೆಯಷ್ಟೇ. ಬಿಳಿಯದು ತೆಳ್ಳಗೆ, ಒಂದೂವರೆ ಕಿಲೋ, ಒಂದೇ ಕೈಯಲ್ಲಿ ಹಿಡಿಯಬಹುದು. ಆದರೆ ಫ್ಲಾಪಿ ಹಾಕುವ ಬಾಯಿ ಅದರ ಮೈಯಲ್ಲೇ ಇಲ್ಲ, ಬೇರೊಂದು ಪೆಟ್ಟಿಗೆಯಲ್ಲಿದೆ, ಆ ಪೆಟ್ಟಿಗೆ ಮದ್ರಾಸಿನಲ್ಲಿದೆ. ಕರಿಯದು ಮೂರೂವರೆ ಕಿಲೋ, ಪರದೆಯಲ್ಲಿ ಕಪ್ಪು ಬಿಟ್ಟರೆ ಬಿಳುಪು, ಬಾಣದ ಗುರುತನ್ನು ಓಡಿಸಲು ನಡುವೆ ಒಂದು ಗೋಲಿ. ಗುಣ ಎಂದು ಬರೆಯಲು ಸಿಕ್ಕಿದ್ದು ಮೂರು ಗಂಟೆಯ ಬ್ಯಾಟರಿ ಒಂದೇ. ನಾನು ಬೂದಿಯ ಹೆಸರಿನ ಕೆಳಗೆ ಎರಡು ಗೆರೆ ಎಳೆದೆ.

ಭುವನಾ ಆ ಕಾಗದವನ್ನು ಮೇಲಿಂದ ಕೆಳಗೆ ನೋಡಿದಳು.

"ನೀವು ನೋಡಿ ನೋಡಿ ತಂದ ಗ್ರೈಂಡರು ಇವತ್ತೂ ಇಂದಕ್ಕೇ ಸುತ್ತುತೈತೆ. ಅಪ್ಪನ್ನ ಕರ್ಕೊಂಡ್ ಓಗಿ."

"ಮಾವನಿಗೆ ಕಂಪ್ಯೂಟರ್ ಏನು ಗೊತ್ತು?"

"ಮೋಸ ಗೊತ್ತು," ಎಂದಳು.

ಮೂವತ್ತು ವರ್ಷದಲ್ಲಿ ತಾನು ಮೋಸ ಹೋಗಿದ್ದು ಒಂದೇ ಒಂದು ಸಲ ಎಂದು ಮಾವ ಹಬ್ಬ ಹಬ್ಬಕ್ಕೂ ಹೇಳುತ್ತಿದ್ದರು. ಯಾವ ಎತ್ತು ಮಾವ ಎಂದು ಕೇಳಿದರೆ ಮಾತ್ರ, ಅಂಗಳದ ಬೇವಿನ ಮರದ ಕಡೆ ನೋಡಿ, ಈ ಸಲ ಬಿಸಿಲು ಜಾಸ್ತಿ ಎನ್ನುತ್ತಿದ್ದರು.

ಯುಗಾದಿಯ ಹಿಂದಿನ ದಿನ ಮಾವ ಬಂದರು. ಹೆಗಲ ಮೇಲೆ ಟವೆಲ್ಲು, ಬಾಯಿತುಂಬ ವೀಳ್ಯ, ಕಣ್ಣಿನಲ್ಲಿ ಎರಡು ವರ್ಷದಿಂದ ನಾನು ಕಾಣದಿದ್ದ ಒಂದು ಹೊಳಪು. ಅಂಗಡಿಯ ಮೇಜಿನ ಮೇಲೆ ಮೂರೂ ಯಂತ್ರಗಳು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಕೊಂಡು ಸಾಲಾಗಿ ನಿಂತಿದ್ದವು. ಮಾವ ಬಾಗಿಲಲ್ಲೇ ನಿಂತು ನೋಡಿ ಒಳಗೆ ಬಂದರು.

"ಮಾಪ್ಳೆ, ಮೊದ್ಲು ಮೂರ್ನೂ ನೆಲಕ್ಕಿಳ್ಸಕೇಳು. ಎತ್ರದಾಗೆ ನಿಂತ್ರೆ ಎಲ್ಲಾ ಚಂದಾಗೇ ಕಾಣ್ತವೆ."

(ನಮ್ಮ ಕಡೆ ಅಳಿಯನಿಗೆ ಮರ್ಯಾದೆ ಕೊಡುವಾಗ ತಮಿಳಿನ ಮಾಪ್ಳೆ; ಕನ್ನಡದ ಅಳಿಯ ಬೆನ್ನ ಹಿಂದಿನ ಬಳಕೆಗೆ.)

ಇಳಿಸಿದ್ದಾಯಿತು. ಮಾವ ಮಂಡಿನೋವು ಮರೆತು ಕುಕ್ಕರಗಾಲಿನಲ್ಲಿ ಕೂತು ಬೂದಿಯ ಬಾಯಿ ತೆರೆದರು. ಕೀಲಿಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತುತ್ತ, ಸಾಲು ಸಾಲಾಗಿ ಎಣಿಸಿದರು. ಮೇಲಿನ ಸಾಲಿಗೆ ಬಂದಾಗ ಬೆರಳು ನಿಂತಿತು.

"ಒಂದ್ ಅಲ್ಲು ಬಿದ್ದೈತೆ."

ಆ ಕೀಲಿಯನ್ನು ಯಾರೂ ಬಳಸುವುದೇ ಇಲ್ಲ ಎಂದು ನಾನು ಸಮಜಾಯಿಷಿ ಹೇಳಿದೆ.

"ಬಳಸ್ದೆ ಇದ್ರೆ ಬೀಳ್ತದಾ?" ಎಂದರು ಮಾವ.

ಆಗ ನನಗೆ ಹನ್ನೊಂದು ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ಹೆಣ್ಣು ನೋಡಲು ಹೋದಾಗ ಇದೇ ಮಾವ ನನಗೆ ಕಲ್ಲಿನಂಥ ಚಕ್ಕುಲಿ ಕೊಟ್ಟು, ನಾನು ಕಡಿಯುವುದನ್ನು ತಲೆ ವಾರೆ ಮಾಡಿ ನೋಡಿದ್ದರು. ಆಮೇಲೆ, ಬಾವಿಯಲ್ಲಿ ನೀರೆಷ್ಟಿದೆ ನೋಡಿ ಬನ್ನಿ ಎಂದು ಕಳುಹಿಸಿ, ನನ್ನ ನಡಿಗೆಯನ್ನು ಹಿಂದಿನಿಂದ ನೋಡಿದ್ದರು. ಉಪಚಾರ ಎಂದುಕೊಂಡಿದ್ದೆ.

ಮಾವ ಬೂದಿಯ ಹೊಟ್ಟೆಯ ಕೆಳಗೆ ಅಂಗೈ ಇಟ್ಟು ಜ್ವರ ಇದೆ ಎಂದರು. ಪಕ್ಕೆಗೆ ಕಿವಿ ಕೊಟ್ಟು, ಫ್ಯಾನಿನ ಸದ್ದು ಕೇಳಿ, ಉಬ್ಬಸವೂ ಇದೆ ಎಂದರು. ಬಿಳಿಯದನ್ನು ಒಂದೇ ಕೈಯಲ್ಲಿ ಎತ್ತಿ, ಇದಿನ್ನೂ ಕರು, ತಾಯಿ ಎಲ್ಲಿ ಎಂದು ಕೇಳಿದರು. ತಾಯಿ ಮದ್ರಾಸಿನಲ್ಲಿ ಎಂದು ಪಳನಿಯಪ್ಪನ್ ತಲೆ ತಗ್ಗಿಸಿ ಒಪ್ಪಿಕೊಂಡ. ಕರಿಯದನ್ನು ಎತ್ತುವಾಗ ಮಾತ್ರ ಎರಡೂ ಕೈ ಬೇಕಾದವು. ಮಾವ ಒಂದು ಸಲ ಉಸಿರು ಬಿಟ್ಟರು. ಅದು ತೃಪ್ತಿಯ ಉಸಿರು.

ಅಲ್ಲಿಗೆ ಮುಗಿಯಲಿಲ್ಲ. ಮೂರರ ಹಗ್ಗವನ್ನೂ, ಅಂದರೆ ಗೋಡೆಯ ವೈರನ್ನೂ, ಬಿಚ್ಚಿಸಿ, ಮೂರನ್ನೂ ಚಾಲೂ ಮಾಡಿಸಿ, ಸ್ಟೂಲಿನ ಮೇಲೆ ಕೂತು ಹೊಸ ವೀಳ್ಯ ಮಡಿಸಿದರು. ಉತ್ತು ನೋಡದೆ ಎತ್ತು ಕೊಳ್ಳುವುದುಂಟೇ ಎಂಬುದು ಅವರ ಪ್ರಶ್ನೆ. ಇಪ್ಪತ್ತೆಂಟನೆಯ ನಿಮಿಷಕ್ಕೆ ಬೂದಿ ಒಮ್ಮೆ ಕುಂಯ್ ಎಂದು ಮಲಗಿತು. ಐವತ್ತನೆಯ ನಿಮಿಷಕ್ಕೆ ಕರು ಮಲಗಿತು. ಅಷ್ಟರಲ್ಲಿ ಬಾಗಿಲಲ್ಲಿ ಜನ ಸೇರಿ, ಕರಿಯದರ ಪರವಾಗಿ ಒಂದು ಪಕ್ಷವೇ ಹುಟ್ಟಿಕೊಂಡಿತ್ತು. ಒಂದೂವರೆ ಗಂಟೆಯಾದರೂ ಕರಿಯದು ಕಣ್ಣು ಮಿಟುಕಿಸದೆ ನಿಂತಿತ್ತು.

ಆದರೆ ಅದರ ಪರದೆಯಲ್ಲಿ ಬಣ್ಣವಿಲ್ಲ, ರಾಜಗೋಪಾಲನದರಲ್ಲಿ ಬಣ್ಣವಿದೆ ಎಂದು ನಾನು ಸಣ್ಣ ದನಿಯಲ್ಲಿ ಹೇಳಿದೆ.

"ಬಣ್ಣ ನೋಡಿ ತಕಳಾಕೆ ಇದೇನ್ ಸೀರೆನಾ ಮಾಪ್ಳೆ?" ಎಂದರು ಮಾವ. ನನ್ನ ತೌಲನಿಕ ಅಧ್ಯಯನ ಜೇಬಿನಲ್ಲೇ ಬೆವರಿನಲ್ಲಿ ನೆನೆಯಿತು.

ಆಮೇಲೆ ಮಾವ ಹೆಗಲ ಟವೆಲ್ಲನ್ನು ಕೈಯ ಮೇಲೆ ಹಾಸಿ ಪಳನಿಯಪ್ಪನ್ ಕಡೆ ಚಾಚಿದರು. ಸಂತೆಯಲ್ಲಿ ದನದ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ, ಬಟ್ಟೆಯ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಕಂಪ್ಯೂಟರ್ ಮಾರುವವನಿಗೆ ಇದೆಲ್ಲ ಏನು ಗೊತ್ತು ಎಂದು ನಾನು ನಾಚಿಕೆಯಿಂದ ಮುಖ ತಿರುಗಿಸುವಷ್ಟರಲ್ಲಿ ಪಳನಿಯಪ್ಪನ್ ಕೈ ತಾನೇತಾನಾಗಿ ಟವೆಲ್ಲಿನ ಕೆಳಗೆ ಹೋಯಿತು. ಧರ್ಮಪುರಿ ಕಡೆಯವನಂತೆ, ಅವನಪ್ಪನೂ ಸಂತೆಗೆ ದನ ಹೊಡೆದವನಂತೆ. ಇಬ್ಬರೂ ಹತ್ತು ನಿಮಿಷ ಸೂರು ನೋಡುತ್ತ ಕೂತರು. ಟವೆಲ್ಲಿನೊಳಗೆ ಮಾತ್ರ ಎರಡು ಇಲಿ ಜಗಳವಾಡುತ್ತಿದ್ದವು. ಕೊನೆಗೆ ಮಾವ ನನ್ನ ಕಿವಿಯಲ್ಲಿ ಹೇಳಿದ ಬೆಲೆ ಕೇಳಿ, ನಾನು ಬದುಕಿನಲ್ಲಿ ಎಷ್ಟೊಂದನ್ನು ಟವೆಲ್ಲಿಲ್ಲದೆ ಕೊಂಡುಬಿಟ್ಟೆ ಎಂದು ಮರುಗಿದೆ.

ಕರಿಯದನ್ನು ಅದೇ ಟವೆಲ್ಲಿನಲ್ಲಿ ಸುತ್ತಿಕೊಂಡು ಕಡಯಂಪಟ್ಟಿ ಬಸ್ಸು ಹತ್ತಿದೆವು. ಭುವನಾ ಒಬ್ಬಟ್ಟಿನ ಕೆಲಸಕ್ಕೆಂದು ಆಗಲೇ ತವರಿಗೆ ಹೋಗಿದ್ದಳು. ಬಸ್ಸು ಇನ್ನೇನು ಹೊರಡಬೇಕು, ಪಳನಿಯಪ್ಪನ್ ಏದುಸಿರು ಬಿಡುತ್ತ ಓಡಿಬಂದ. ನಡುವೆ ಇಟ್ಟಿಗೆಯಂಥ ಗಂಟಿದ್ದ ಒಂದು ಕರಿ ವೈರನ್ನು ಕಿಟಕಿಯಲ್ಲಿ ತೂರಿಸಿ, "ಇದು ಇಲ್ಲಾಮ ಓಡಾದು ಸಾರ್," ಎಂದ. ಇದಿಲ್ಲದೆ ಅದು ಓಡುವುದಿಲ್ಲವಂತೆ.

ಮಾವ ಅವನ ಕೈಯನ್ನು ಹಿಂದಕ್ಕೆ ತಳ್ಳಿದರು. ದನ ಮಾರಿದವನು ಹಳೆಯ ಹಗ್ಗವನ್ನು ಕೊಡಬಾರದು, ಕೊಟ್ಟರೆ ಅವನ ಮನೆಯ ಲಕ್ಷ್ಮಿಯೂ ಹಗ್ಗದ ಹಿಂದೆ ಹೋಗುತ್ತಾಳೆ. ಹೊಸ ಹಗ್ಗ ತರುವುದು ಕೊಂಡವನ ಜವಾಬ್ದಾರಿ.

"ನಿಮ್ಮಪ್ಪ ಯೋಳಿಲ್ವಾ ನಿಂಗೆ? ಅಗ್ಗ ಮಡಿಕ್ಕೊ," ಎಂದರು. ಆಮೇಲೆ, ನ್ಯಾಯವಂತರಲ್ಲವೇ, ನನ್ನ ಕಡೆ ಕೈ ತೋರಿಸಿದರು. "ಬೇಕಾರೆ ನಮ್ ಮಾಪ್ಳೇನ ಕೇಳು. ಅವರು ಕಂಪ್ಯೂಟರ್ ಆಪೀಸರು."

ಇಡೀ ಬಸ್ಸು ನನ್ನ ಕಡೆ ತಿರುಗಿತು. ಹದಿನಾಲ್ಕು ವರ್ಷದಲ್ಲಿ ಯಾರೂ ನನ್ನನ್ನು ಆಫೀಸರ್ ಎಂದಿರಲಿಲ್ಲ. ನಾನು ಗಂಭೀರವಾಗಿ ಯೋಚಿಸಿದೆ. ಮಿಲ್ಲಿನ ಕಂಪ್ಯೂಟರಿಗೆ ಏಳು ವೈರುಗಳಿವೆ. ಲ್ಯಾಪ್‌ಟಾಪಿನ ಹೆಚ್ಚುಗಾರಿಕೆಯೇ ವೈರಿಲ್ಲದಿರುವುದು. ಒಂದೂವರೆ ಗಂಟೆ ವೈರಿಲ್ಲದೆ ನಿಂತದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಇದು ಬ್ಯಾಟರಿಯ ಯಂತ್ರ, ವೈರು ಬೇಡ ಎಂದು ತಮಿಳಿನಲ್ಲಿ ತೀರ್ಪು ಕೊಟ್ಟೆ. ಪಳನಿಯಪ್ಪನ್ ಬಾಯಿ ತೆರೆದ. ಕಂಡಕ್ಟರ್ ಸೀಟಿ ಊದಿದ.

ಯುಗಾದಿಯ ದಿನ ಹನ್ನೊಂದು ಗಂಟೆಗೆ ಕಡಯಂಪಟ್ಟಿಯ ಪಡಸಾಲೆಯಲ್ಲಿ ಎರಡು ಲ್ಯಾಪ್‌ಟಾಪುಗಳು ಎದುರುಬದುರು ಕೂತವು. ರಾಜಗೋಪಾಲನ ಪರದೆಯ ಮೇಲೆ ನೀಲಿ ಸಮುದ್ರ, ಕೆಂಪು ಮೀನು. ನನ್ನದರ ಮೇಲೆ ಪಳನಿಯಪ್ಪನ್ ಕಲಿಸಿದ ಎರಡೇ ವಿದ್ಯೆ: ಇಸ್ಪೀಟಾಟ ಮತ್ತು ಓಡುವ ಹೆಸರು. ಜನ ಮೀನಿನ ಕಡೆ ಇದ್ದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಮೆಟ್ಟೂರಿನಲ್ಲಿ ಊರಿಗೆಲ್ಲ ಕರೆಂಟ್ ಹುಟ್ಟಿಸುವ ಇಂಜಿನಿಯರ್ ಅರ್ಧ ಗಂಟೆ ಬ್ಯಾಟರಿಯಲ್ಲಿ ಕಾಲ ತಳ್ಳಿದ. ಆಮೇಲೆ ಅವನ ಸಮುದ್ರ ಬತ್ತಿತು.

ನನ್ನದು ಓಡುತ್ತಲೇ ಇತ್ತು. ಲಕ್ಷ್ಮಕ್ಕ, ಲಕ್ಷ್ಮಕ್ಕ, ಲಕ್ಷ್ಮಕ್ಕ ಎಂದು ಕಪ್ಪುಬಿಳುಪಿನಲ್ಲಿ, ದಣಿವಿಲ್ಲದೆ.

"ದೊಡ್ಡಳಿಯಂದ್ರುದ್ರಾಗೆ ನನ್ ಎಸ್ರು ಇನ್ನಾ ಓಡ್ತಾನೇ ಐತಲ್ಲಾ," ಎಂದರು ಅತ್ತೆ, ಕಾವಲಿಗೆ ಎಣ್ಣೆ ಸವರುತ್ತ.

ಭುವನಾ ವಾಣಿಯ ಕಡೆ ನೋಡಿದಳು. ಆ ನೋಟವೊಂದಕ್ಕೇ ನಾನು ಕೊಟ್ಟ ದುಡ್ಡು ಸಂದಾಯವಾಯಿತು. ಎಲೆ ಹಾಕಿದರು. ಕಂಬದ ಪಕ್ಕದ ಮೊದಲ ಎಲೆಯಲ್ಲಿ ನಾನು ಚಕ್ಕಳಮಕ್ಕಳ ಹಾಕಿ ಕೂತೆ. ಒಳಗಿನಿಂದ ತುಪ್ಪದ ಘಮ ಬಂತು.

ಹನ್ನೆರಡೂವರೆಗೆ ಕರಿಯದು ಎರಡು ಸಲ ಕುಂಯ್ ಎಂದು ಕಣ್ಣು ಮುಚ್ಚಿತು. ಅದೇ ಗಳಿಗೆಗೆ ಕರೆಂಟ್ ಬಂತು. ರಾಜಗೋಪಾಲ್ ತನ್ನ ವೈರನ್ನು ಗೋಡೆಗೆ ಸಿಕ್ಕಿಸಿದ, ಮೀನುಗಳು ಎದ್ದವು.

"ಅಣ್ಣಾ, ನಿಮ್ ಚಾರ್ಜರ್ ಎಲ್ಲಿ?" ಎಂದ.

ನನ್ನದಕ್ಕೆ ಅದು ಬೇಡ ಎಂದೆ. ಅವನು ನನ್ನ ಪಕ್ಕದಲ್ಲೇ ಬಂದು ಕೂತ. ಆಮೇಲೆ, ಬ್ಯಾಟರಿ ಎಂಬುದು ಹೇಗೆ ತುಂಬುತ್ತದೆ ಎಂಬುದನ್ನು ವಾಣಿ, ಭುವನಾ, ಅತ್ತೆ ಎಲ್ಲರ ಮುಂದೆ ನನಗೆ ನಿಧಾನವಾಗಿ, ಪ್ರೀತಿಯಿಂದ, ಒಂದನೆಯ ಕ್ಲಾಸಿನ ಹುಡುಗನಿಗೆ ಹೇಳುವಂತೆ ಹೇಳಿಕೊಟ್ಟ. ಮೂರು ಗಂಟೆಯ ಮೇವಿನಲ್ಲಿ ಅರ್ಧವನ್ನು ಅದು ಐದು ರೋಡಿನ ಅಂಗಡಿಯಲ್ಲೇ ತಿಂದು ಮುಗಿಸಿತ್ತು. ಅವನ ವೈರನ್ನೇ ಸಿಕ್ಕಿಸಲು ನೋಡಿದ. ಬಾಯಿ ಬೇರೆ.

ನಾನು ಮಾವನ ಮುಖ ಹುಡುಕಿದೆ. ಅವರು ಅಲ್ಲಿರಲಿಲ್ಲ. ಕೊಟ್ಟಿಗೆಯಿಂದ ಬರುತ್ತಿದ್ದರು. ಕೈಯಲ್ಲಿ ಅರಿಶಿನ ಹಚ್ಚಿದ ಹೊಸ ನೂಲಿನ ಹಗ್ಗ, ಹಗ್ಗಕ್ಕೊಂದು ಪುಟ್ಟ ಹಿತ್ತಾಳೆಯ ಗಂಟೆ.

"ನಿನ್ನೆ ಓಮಲೂರಾಗೆ ಬಸ್ ನಿಂತಾಗ್ಲೇ ತಕಂಡೆ. ನಾನ್ ಮರ್ತಿಲ್ಲ," ಎಂದರು.

ಮುಚ್ಚಳ ಮುಚ್ಚಿ, ಹಗ್ಗವನ್ನು ಅಡ್ಡ ಉದ್ದ ಬಿಗಿದು, ಗಂಟೆಯನ್ನು ಮುಂದಕ್ಕೆ ಬಿಟ್ಟು, ಒಮ್ಮೆ ತಟ್ಟಿದರು. ಗಂಟೆ ನುಡಿಯಿತು.

ಅಡುಗೆಮನೆಯಲ್ಲಿ ಕಾವಲಿಯ ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಬಂದರು.

"ಎಲ್ಡ್ ವರ್ಸ ಆಯ್ತು, ಈ ಮನೇಲಿ ಗಂಟೆ ಸದ್ದು ಕೇಳಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಬಂದು ಮುಚ್ಚಳದ ಮೇಲೆ ಕುಂಕುಮ ಇಟ್ಟರು. ಒಳಗೆ ಹೋಗಿ ಮೊದಲ ಒಬ್ಬಟ್ಟನ್ನು ತಂದರು. ನಾನು ಎಲೆಯ ಮೇಲಿನ ಕೋಸಂಬರಿಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದೆ. ತುಪ್ಪ ಸುರಿಯುತ್ತಿದ್ದ ಒಬ್ಬಟ್ಟು ನನ್ನ ತಲೆಯ ಮೇಲಿಂದ ಹಾದು ಲ್ಯಾಪ್‌ಟಾಪಿನ ಮುಂದೆ ಇಳಿಯಿತು. (ಕ್ರಮ ಎಂದರೆ ಕ್ರಮ. ಮೊದಲನೆಯದು ದನಕ್ಕೆ.)

ಎರಡನೆಯದಾದರೂ ನನ್ನದೇ ತಾನೇ ಎಂದುಕೊಂಡೆ. ಅಷ್ಟರಲ್ಲಿ ರಾಜಗೋಪಾಲ್, ಇದು ಸತ್ತಿಲ್ಲ, ನಾಳೆ ನಾನೇ ಸೇಲಂಗೆ ಹೋಗಿ ವೈರು ತಂದು ಎಬ್ಬಿಸಿಕೊಡುತ್ತೇನೆ ಎಂದುಬಿಟ್ಟ. ದನದ ಡಾಕ್ಟರನ್ನು ಕಾಯಿಸುವುದುಂಟೇ? ಎರಡನೆಯದು ಅವನ ಎಲೆಗೆ ಹೋಯಿತು. ಮೂರನೆಯದು ನನಗೆ ಬಂತು. ತಿರುವಿ ಹಾಕುವಾಗ ಅದರ ಅಂಚು ಹರಿದಿತ್ತು.

ಮಾವ ಊಟದ ನಡುವೆ ಎಡಗೈಯಲ್ಲಿ ಕರಿಯದರ ಬೆನ್ನು ತಟ್ಟಿದರು. "ಮೂರ್ ಗಂಟೆ ಮೇವಿಲ್ದೆ ದುಡೀತು. ಮೂವತ್ತು ವರ್ಸದಾಗೆ ನಾನು ಮೋಸ ಓಗಿದ್ದು ಒಂದೇ ಸಲ ಕಣಪ್ಪ."

ಏನಾದರೂ ಕೇಳಬೇಕಲ್ಲ ಎಂದು, ಅದು ಯಾವ ಎತ್ತು ಮಾವ, ಯಾವ ವರ್ಷದಲ್ಲಿ ಎಂದು ಕೇಳಿದೆ. ಮಾವ ಬೇವಿನ ಮರದ ಕಡೆ ನೋಡಿದರು. ಅತ್ತೆಗೆ ಇದ್ದಕ್ಕಿದ್ದಂತೆ ಒಳಗೆ ಕೆಲಸ ಬಂತು.

ಭುವನಾ ತುಪ್ಪದ ಮಿಳ್ಳೆ ಹಿಡಿದು ಬಂದಳು. ಲ್ಯಾಪ್‌ಟಾಪಿನ ಒಬ್ಬಟ್ಟಿಗೆ ಎರಡು ಮಿಳ್ಳೆ, ನನ್ನದಕ್ಕೆ ಒಂದು.

"ಮೋಸ ಓಗಿದ್ದಾ? ನಮ್ ಮದ್ವೆ ಆದ ವರ್ಸ," ಎಂದಳು. "ತಿನ್ನಿ, ಆರೋಗ್ತದೆ."