ಜೋಗಮ್ಮನ ವ್ಯಾನಿಗೆ ಕಂಬ ನಿಲ್ಲಿಸಿದ್ದು

ಅಮರಗುಂಡಪ್ಪನ ಬಾಳು ಹದಗೆಟ್ಟದ್ದು ಒಂದು ಸೀನಿನಿಂದ. ನಡೆಯಲಾಗದ ಅಕ್ಕ ಜೋಗಮ್ಮನನ್ನು ಗಾಲಿಕುರ್ಚಿಯಿಂದ ಎತ್ತಿ ಆಟೋದಲ್ಲಿ ಕೂಡಿಸುವ ಹೊತ್ತಿಗೆ ಸರಿಯಾಗಿ ಸೀನು ಬಂತು, ಸೊಂಟದಲ್ಲಿ ಏನೋ ಕಳಕ್ ಅಂದಿತು. ಹಾಸಿಗೆ ಹಿಡಿದು ಎದ್ದವನಿಗೆ ಡಾಕ್ಟರು, "ಇನ್ನೊಮ್ಮೆ ಅಕ್ಕನ್ನ ಎತ್ತಿದ್ರ ನಿಮ್ಮ ಮನಿಗೆ ಎರಡು ಗಾಲಿಕುರ್ಚಿ ಬೇಕಾಗ್ತಾವ ನೋಡ್ರಿ" ಎಂದು ಸಾವಕಾಶವಾಗಿ ಹೇಳಿ ಮುಂದಿನ ಪೇಷಂಟನ್ನು ಕರೆದರು.

ಎತ್ತದೆ ಇರುವಂತೆಯೂ ಇರಲಿಲ್ಲ. ಮಸ್ಕಿಯ ಬೀಗರ ಮನೆಯಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾಗಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆ ಬೇಕು. ಅಮರಗುಂಡಪ್ಪನ ಮಗನಿಗೆ ಅಕ್ಕತಂಗಿಯರಿಲ್ಲದ್ದರಿಂದ ಆ ಹಕ್ಕು ಜೋಗಮ್ಮನದು. ತಾಯಿ ಸತ್ತಮೇಲೆ ಅಮರಗುಂಡಪ್ಪನನ್ನು ಬಗಲಲ್ಲಿ ಹೊತ್ತು ಬೆಳೆಸಿದವಳು, ಅವನ ಸಲುವಾಗಿ ಮದುವೆಯನ್ನೂ ಒಲ್ಲೆ ಎಂದವಳು. ಈಗ ಅವಳದು ಒಂದೇ ಹಟ.

"ಮಂದಿ ಕೈಲೆ ಎತ್ತಿಸ್ಕೊಂಡು ಹೋಗಾಕ ನಾನೇನು ನೆಲ್ಲಿನ ಚೀಲ ಏನು? ನೀ ಎತ್ತಿದ್ರ ಬರ್ತೀನಿ. ಇಲ್ಲಾಂದ್ರ ಇಲ್ಲ."

ಅದಕ್ಕೇ ಅವನು ಹಳೆಯದೊಂದು ಶಾಲೆ ವ್ಯಾನು ಕೊಂಡು, ಸೀಟು ಕೀಳಿಸಿ, ತೊಟ್ಟಿಲ ದಿನ ಬೆಳಿಗ್ಗೆ ಸಿಂಧನೂರಿನ ಖಾದರಬಾಷಾನ ವೆಲ್ಡಿಂಗ್ ಅಂಗಡಿ ಮುಂದೆ ನಿಲ್ಲಿಸಿದ. ಉಪಾಯ ಸರಳವಾಗಿತ್ತು. ವ್ಯಾನಿನ ಮೇಲಿನ ತಗಡಿನ ಕೆಳಗೆ, ಹಿಂಬಾಗಿಲಿನ ಆಚೆಗೂ ಚಾಚುವಂತೆ ಒಂದು ಕಬ್ಬಿಣದ ತೊಲೆ; ತೊಲೆಗೊಂದು ಚೈನ್ ಪುಲ್ಲಿ; ಪುಲ್ಲಿಗೊಂದು ದಪ್ಪ ಬಟ್ಟೆಯ ಜೋಲಿ. ಅಕ್ಕನನ್ನು ಜೋಲಿಯಲ್ಲಿ ಕೂಡಿಸಿ ಸರಪಳಿ ಎಳೆದರೆ ಮೇಲೇಳುತ್ತಾಳೆ, ಒಳಗೆ ತಳ್ಳಿದರೆ ಸೀಟಿನ ಮೇಲೆ ಇಳಿಯುತ್ತಾಳೆ. ಸೊಂಟದ ಮಾತೇ ಇಲ್ಲ.

"ತೊಲಿಗೆ ಎರಡು ಕಂಬ ಸಾಕು. ತಾಸಿನ್ಯಾಗ ಮುಗಿಸ್ತೀನಿ" ಎಂದ ಖಾದರಬಾಷಾ. ಮುಗಿಸುತ್ತಿದ್ದನೇನೋ. ಅಷ್ಟರಲ್ಲಿ ಪಕ್ಕದ ಮನೆಯ ಪಂಪಾಪತಿ ಬಂದ. ಅವನದು ಶಾಮಿಯಾನ ಹಾಕುವ ದಂಧೆ. ಎಲ್ಲಿ ಕಂಬ ಕಂಡರೂ ಅದು ಅವನ ಇಲಾಖೆ.

"ಎರಡು ಕಂಬದ ಮ್ಯಾಗ ನಾ ಪರದೆನೂ ಕಟ್ಟೂದಿಲ್ಲ. ಜೋಗಕ್ಕ ಅಂದ್ರ ಏನು ಸಣ್ಣ ಆಸಾಮಿ ಏನು? ನಾಕು ಹಾಕು."

ನಾಲ್ಕಾದವು. ಪುಲ್ಲಿ ಕೊಟ್ಟವನು ಬೋರಿನ ಮೋಟಾರು ಎತ್ತುವ ಉಸ್ಮಾನ್‌ಸಾಬ್. ಅವನೂ ಬಂದು ಇಣುಕಿದ. "ಗಾಡಿ ಅಂದಮ್ಯಾಲ ಹಾರ್ತೈತಿ. ಅಡ್ಡಪಟ್ಟಿ ಇಲ್ದಿದ್ರ ಮಸ್ಕಿ ಮುಟ್ಟೂದ್ರಾಗ ತಗಡು ತಲಿ ಮ್ಯಾಗ." ಚಹಾದಂಗಡಿಯಿಂದ ಎದ್ದುಬಂದವರೂ ಒಂದೊಂದು ಕಂಬ ಸೂಚಿಸಿದರು. ಮಧ್ಯಾಹ್ನದ ಹೊತ್ತಿಗೆ ವ್ಯಾನು ಗಿಳಿಪಂಜರವಾಗಿತ್ತು. ಒಳಗೆ ಉಳಿದದ್ದು ಅಕ್ಕನಿಗೊಂದು ಸೀಟು. ಡ್ರೈವರನ ಕಿವಿಯ ಪಕ್ಕದಲ್ಲೇ ಒಂದು ಕಂಬ ಬಂದದ್ದರಿಂದ ಅಮರಗುಂಡಪ್ಪ ಕತ್ತು ವಾರೆ ಮಾಡಿಕೊಂಡೇ ಗಾಡಿ ಹೊಡೆಯಬೇಕಿತ್ತು.

"ನೆಲ್ಲಿನ ಚೀಲ ಹಾಕಿ ಒಮ್ಮೆ ಎತ್ತಿ ನೋಡೂಣು" ಎಂದ ಅವನು.

"ಚೀಲಕ್ಕ ನೋವಾದ್ರ ಹೇಳ್ತೈತೇನು? ನೀನ ಕುಂದ್ರು" ಎಂದ ಪಂಪಾಪತಿ.

ಕುಂತ. ಉಸ್ಮಾನ್‌ಸಾಬ್ ಸರಪಳಿ ಎಳೆದ. ಅಮರಗುಂಡಪ್ಪ ಎದೆಯೆತ್ತರಕ್ಕೆ ಏರಿದ, ಅಲ್ಲೇ ನಿಂತ. ಸರಪಳಿ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

"ಒಮ್ಮೊಮ್ಮೆ ಹಿಂಗ ಮಾಡ್ತೈತಿ, ದಣಿದಿರ್ತೈತಿ. ಸ್ವಲ್ಪ ಬಿಟ್ರ ತಾನ ಸಡ್ಲ ಆಗ್ತೈತಿ" ಎಂದ ಉಸ್ಮಾನ್‌ಸಾಬ್. ಅಷ್ಟರೊಳಗೆ ಚಹಾ ಕುಡಿದು ಬರೋಣವೆಂದು ಎಲ್ಲರೂ ಎದ್ದು ಹೋದರು. ಬಿಳಿ ಅಂಗಿಗೆಲ್ಲ ಕಂಬದ ಹಸಿ ಕೆಂಪು ಬಣ್ಣ ಮೆತ್ತಿಸಿಕೊಂಡು ಅವನು ರಸ್ತೆಗೆ ಮುಖಮಾಡಿ ತೂಗಾಡಿದ. ಬಸ್ಸಿನ ಮಂದಿ ಕಿಟಕಿಯಿಂದ ಬಗ್ಗಿ ನೋಡಿದರು. ಅದೇ ಹೊತ್ತಿಗೆ ಮಸ್ಕಿಯಿಂದ ಬೀಗ ಸಂಗನಬಸವನ ಫೋನು.

"ಬೀಗರ, ಮಂದಿ ಎಲ್ಲಾ ಬಂದಾರ. ನೀವು ಎಲ್ಲಿ ಅದೀರಿ?"

"ದಾರ್ಯಾಗ ಅದೀನ್ರಿ" ಎಂದ ಅಮರಗುಂಡಪ್ಪ. ಅವನಿಗೆ ಅಳು ಬಂದಿತ್ತು.

ಆದರೆ ಉಸ್ಮಾನ್‌ಸಾಬ್ ಹೇಳಿದಂತೆ ಪುಲ್ಲಿ ತಾನೇ ಸಡಿಲವಾಯಿತು. ಮನೆಯ ಮುಂದೆ ಜೋಗಮ್ಮ ಜೋಲಿಯಲ್ಲಿ ಕೂತು, ಒಬ್ಬರ ಕೈಯೂ ತಾಗದೆ ಮೇಲೆದ್ದು ಒಳಗೆ ಸರಿದಾಗ, "ಲೇ ಅಮರಾ, ನಾ ಹಗುರಾಗೀನಿ" ಎಂದು ಸಣ್ಣ ಹುಡುಗಿಯಂತೆ ನಕ್ಕಳು. ಅಮರಗುಂಡಪ್ಪನಿಗೆ ಹೋದ ಜೀವ ಬಂದಂತಾಯಿತು. ಮನೆಯ ಹಳೆಯ ಮರದ ತೊಟ್ಟಿಲನ್ನೂ ಕಂಬಗಳ ನಡುವೆ ತುರುಕಿ, ಗಾಲಿಕುರ್ಚಿಯನ್ನು ಮೇಲೆ ಕಟ್ಟಿ ಹೊರಟರು. ಅವನು ಹುಟ್ಟಿದಾಗ ಮಲಗಿದ್ದೂ ಅದೇ ತೊಟ್ಟಿಲಿನಲ್ಲಿ. ಊಟದ ಆಸೆಗೆ ಪಂಪಾಪತಿಯೂ ಹತ್ತಿಕೊಂಡ.

ಸಂಗನಬಸವನದು ಹೊಸ ಮನೆ. ಸೂರಿಗೆಲ್ಲ ಬಿಳಿ ಪಿಒಪಿ, ಅದರಲ್ಲಿ ಹೂವು, ಬಳ್ಳಿ, ಸಾಲು ದೀಪ. ತೊಟ್ಟಿಲು ನೋಡಿ ಅವನು ತಲೆ ಕೆರೆದುಕೊಂಡ. "ಬೀಗರ, ತೊಟ್ಟಿಲ ಕಟ್ಟಾಕ ಕೊಂಡಿ ಎಲ್ಲಿ ಐತ್ರಿ? ಎಲ್ಲಾ ಮುಚ್ಚಿಸಿಬಿಟ್ಟೀವಿ. ಪಿಒಪಿ ಒಡ್ಯಾಕ ಆಗೂದಿಲ್ರಿ, ನಿನ್ನೆರೆ ಬಣ್ಣ ಆಗೈತಿ."

ಮುಹೂರ್ತ ಮೀರುತ್ತಿತ್ತು. ಪಂಪಾಪತಿ ಅಂಗಳದಲ್ಲಿ ನಿಂತಿದ್ದ ವ್ಯಾನನ್ನು ಒಮ್ಮೆ ನೋಡಿದ, ಮಂದಿಯನ್ನು ಒಮ್ಮೆ ನೋಡಿದ. "ಇಡೀ ಮಸ್ಕ್ಯಾಗ ಇಷ್ಟು ಗಟ್ಟಿ ಸೂರು ಇನ್ನೊಂದು ಸಿಗೂದಿಲ್ಲ" ಎಂದ.

ಜೋಲಿ ಬಿಚ್ಚಿದರು. ಪುಲ್ಲಿಗೆ ತೊಟ್ಟಿಲು ತೂಗುಹಾಕಿದರು. ಹೆಂಗಸರು ಹಿಂಬಾಗಿಲ ಸುತ್ತ ನಿಂತು ಹಾಡಿದರು. ವ್ಯಾನಿನಿಂದ ಇನ್ನೂ ಇಳಿದಿರದ ಜೋಗಮ್ಮ ಸೀಟಿನಲ್ಲಿ ಕೂತಲ್ಲಿಂದಲೇ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಅವಳ ಕಣ್ಣೂ ಒದ್ದೆ, ಅಮರಗುಂಡಪ್ಪನ ಕಣ್ಣೂ ಒದ್ದೆ. ದೇವರು ಕಣ್ಣು ತೆರೆದ ಅಂದುಕೊಂಡ ಅವನು. ಅವನ ತಪ್ಪು ಅದೇ.

ಸ್ವಲ್ಪ ಹೊತ್ತಿಗೆ ಜೋಗಮ್ಮ ಮೆಲ್ಲಗೆ ಕರೆದಳು. "ಅಮರಾ, ಮಧ್ಯಾಹ್ನದಿಂದ ಕುಂತೀನಿ. ಬಚ್ಚಲಿಗೆ ಹೋಗಬೇಕೋ. ಇಳಸು."

ಪುಲ್ಲಿ ಖಾಲಿ ಮಾಡಲು ಅವನು ತೊಟ್ಟಿಲಿಗೆ ಕೈ ಹಾಕಿದ. ಸೊಸೆ ಅಶ್ವಿನಿ ಅಡ್ಡ ಬಂದಳು. ಕಣ್ಣ ಕೆಳಗೆ ಕಪ್ಪು ಕಟ್ಟಿದ ಆ ಹುಡುಗಿ ಕೈಮುಗಿಯುವುದೊಂದೇ ಬಾಕಿ. "ಮಾವಾರ, ಈಗರೆ ಕಣ್ಣು ಮುಚ್ಚ್ಯಾಳ್ರಿ. ಮೂರು ರಾತ್ರಿ ಆತು, ಮನ್ಯಾಗ ಯಾರೂ ಮಲಗಿಲ್ಲ. ಇಳಿಸಬ್ಯಾಡ್ರಿ."

ಅಕ್ಕ ತುಟಿ ಕಚ್ಚಿಕೊಂಡಿದ್ದಳು. ನಾಲ್ಕು ಜನ ಗಂಡಸರು ಮುಂದೆ ಬಂದರು. ಅವಳು ಮುಖ ತಿರುವಿದಳು. ಅಮರಗುಂಡಪ್ಪ ಡಾಕ್ಟರನ್ನು ನೆನೆದ, ಕಂಬಗಳನ್ನು ನೋಡಿದ, ಒಂದು ನಿಟ್ಟುಸಿರು ಬಿಟ್ಟು ಬಗ್ಗಿದ. ಅಕ್ಕನನ್ನು ಎತ್ತಿದ, ತೊಟ್ಟಿಲಿಗೆ ತಾಗದಂತೆ ಮೈ ಹಿಂಡಿಕೊಂಡು ಹೊರಗೆ ತಂದ, ಗಾಲಿಕುರ್ಚಿಯಲ್ಲಿ ಕೂಡಿಸಿದ. ಮತ್ತೆ ನೆಟ್ಟಗಾಗಲಿಲ್ಲ. ಕಳಕ್ ಅಂದದ್ದು ಹಾಡು ನಿಲ್ಲಿಸಿದ ಹೆಂಗಸರಿಗೂ ಕೇಳಿಸಿತು.

ಜೋಗಮ್ಮ ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ಅವನು ಜಮಖಾನೆಯ ಮೇಲೆ ಅಂಗಾತ ಬಿದ್ದಿದ್ದ. ಮುಟ್ಟಿದರೆ ಕಿರುಚುತ್ತಿದ್ದ. ಅಷ್ಟರಲ್ಲಿ ಕೂಸು ತಾನಾಗಿಯೇ ಎದ್ದಿತು. ಅಶ್ವಿನಿ ಅದನ್ನು ಒಳಗೊಯ್ದಳು.

"ಈಗ ಪುಲ್ಲಿ ಖಾಲಿ ಐತಿ. ಜೋಲಿ ಕಟ್ರಿ, ಇವನ್ನ ಗಾಡ್ಯಾಗ ಹಾಕಿ ದವಾಖಾನಿಗೆ ಒಯ್ಯೂಣು. ಎಳಿಯೂದು ನಾ ಎಳೀತೀನಿ. ನನಗ ಕಾಲು ಹೋಗ್ಯಾವ, ಕೈ ಹೋಗಿಲ್ಲ" ಎಂದಳು ಜೋಗಮ್ಮ.

ಎಳೆದಳು. ಅಮರಗುಂಡಪ್ಪ ಅಕ್ಕನ ತಲೆಯೆತ್ತರಕ್ಕೆ ಏರಿದ, ಅಲ್ಲೇ ನಿಂತ. ಪಂಪಾಪತಿ ಉಸ್ಮಾನ್‌ಸಾಬ್‌ಗೆ ಫೋನು ಹಚ್ಚಿದ. ದಣಿದಿರ್ತೈತಿ, ಸ್ವಲ್ಪ ಬಿಡ್ರಿ ಎಂದು ಉತ್ತರ ಬಂತು. ಒಳಗಿನಿಂದ ಸಂಗನಬಸವ ಹೋಳಿಗೆ ಆರುತ್ತವೆ ಎಂದು ಕೂಗಿದ. ಅಂಗಳ ಖಾಲಿಯಾಯಿತು.

ಜೋಗಮ್ಮ ಮಾತ್ರ ಜೋಲಿಯ ಅಂಚು ಹಿಡಿದು ಕೂತಿದ್ದಳು. ತಮ್ಮನ ಕಣ್ಣಿಂದ ನೀರು ಇಳಿಯುವುದನ್ನು ಕಂಡು ಅವಳ ಕೈ ತಂತಾನೇ ಮೆಲ್ಲಗೆ ತೂಗತೊಡಗಿತು. "ಅಳಬ್ಯಾಡ. ಸಣ್ಣಾಂವ ಇದ್ದಾಗೂ ನೀ ಹಿಂಗ ಮಾಡ್ತಿದ್ದಿ."

ಅಶ್ವಿನಿ ಓಡಿಬಂದಳು. ಕಂಕುಳಲ್ಲಿ ಕೂಸು ಕಿರುಚುತ್ತಿತ್ತು. "ಅತ್ಯಾರ, ಒಳಗ ಯಾರ ಕೈಯಾಗೂ ನಿಲ್ಲವಲ್ದು. ಮಾವಾರ, ಹೆಂಗೂ ತೂಗಾಕತ್ತೀರಿ, ಒಂಚೂರು ಇಟ್ಕೊಳ್ರಿ." ಕೂಸನ್ನು ಅವನ ಎದೆಯ ಮೇಲೆ ಮಲಗಿಸಿದಳು. ಜೋಗಮ್ಮ ತೂಗಿದಳು. ಕೂಸು ಅಜ್ಜನ ಅಂಗಿಯ ಕೆಂಪು ಬಣ್ಣಕ್ಕೆ ಕೆನ್ನೆ ಒತ್ತಿ ಬಿಕ್ಕಿತು, ಆಕಳಿಸಿತು, ಸುಮ್ಮನಾಯಿತು.

ಆಗ ಮೇಲೆ ಪುಲ್ಲಿ ಟಕ್ ಅಂದಿತು. ಸರಪಳಿ ಸಡಿಲಾಗಿತ್ತು.

"ಅಕ್ಕಾ, ಸಡ್ಲ ಆತು, ಇಳಸು" ಎಂದ ಅಮರಗುಂಡಪ್ಪ ಆಸೆಯಿಂದ.

ಜೋಗಮ್ಮ ಸರಪಳಿಗೆ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಕೂಸಿನ ಮುಖ ನೋಡಿ, ತುಟಿಯ ಮೇಲೆ ಬೆರಳಿಟ್ಟಳು.

"ಈಗರೆ ಕಣ್ಣು ಮುಚ್ಚೈತಿ. ಸುಮ್ಮಿರು."